ಪರದೆಯ ಮೇಲೆ ತಾರಾಬಾಯಿಯವರ ರಕ್ತ

ತಾರಾಬಾಯಿಯವರು ಬಸದಿಗೆ ಹೊರಟರೆಂದರೆ ಅನಗೋಳದ ನಮ್ಮ ಓಣಿಯ ಸುದ್ದಿಯೆಲ್ಲ ಅವರ ಸೆರಗಿಗೆ ಬಂದು ಬೀಳುತ್ತಿತ್ತು. ನಾಲ್ಕು ಮನೆ ದಾಟಿ ಒಂದು ಕಟ್ಟೆಯ ಮುಂದೆ ನಿಲ್ಲುತ್ತಿದ್ದರು. "ಸೊಸಿ ತವರಿಂದ ಬಂದ್ಲೇನ?" ಎನ್ನುತ್ತಿದ್ದರು. ಮತ್ತೆ ನಾಲ್ಕು ಮನೆ, ಮತ್ತೊಂದು ಕಟ್ಟೆ, "ಎಮ್ಮಿ ಈಯ್ತೇನ?" ಮುದುಕಿಗೆ ಹರಟೆಯ ಚಟ ಎಂದು ನಾನು ತಿಳಿದಿದ್ದೆ. ನಾನೊಬ್ಬಳೇ ಏನಲ್ಲ, ಇಡೀ ಓಣಿಯೇ ಹಾಗೆ ತಿಳಿದಿತ್ತು. ಎಡಗಾಲಿನ ಮೀನಖಂಡ ಹಿಡಿದುಕೊಂಡು ಮುಂದೆ ಹೆಜ್ಜೆ ಇಡಲಾಗದೆ ನಿಲ್ಲುತ್ತಾರೆ, ನಿಂತದ್ದಕ್ಕೊಂದು ನೆಪ ಬೇಕೆಂದು ಮಾತಾಡುತ್ತಾರೆ ಎಂಬುದು ನಮಗೆ ಗೊತ್ತಾಗುವಷ್ಟರಲ್ಲಿ ಒಂದು ಮಳೆಗಾಲ, ಒಂದು ಚಳಿಗಾಲ ಕಳೆದುಹೋಗಿದ್ದವು.

ನಾನು ಕಾಂತಾ, ಅವರ ಮಾಳಿಗೆಯ ಬಾಡಿಗೆಯವಳು. ಲಿಂಗಾಯತರ ಹುಡುಗಿ, ಮದುವೆಯ ಮಾತು ಎತ್ತಿದವರ ಮೇಲೆಲ್ಲ ಹಾರಿಬಿದ್ದು ಉದ್ಯಮಬಾಗದ ಹತ್ತಿರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದೆ. ಕೊಳವೆಯಲ್ಲಿ ನೀರು ಹೇಗೆ ಹರಿಯುತ್ತದೆ ಎಂಬುದು ನನ್ನ ವಿಷಯ. ಫೌಂಡ್ರಿಗಳ ಊರಿನಲ್ಲಿ ಪಂಪು, ವಾಲ್ವು ಎಂದಿದ್ದರೆ ಮರ್ಯಾದೆ ಸಿಗುತ್ತಿತ್ತು. ನಾನು ಅದನ್ನು ಬಿಟ್ಟು ರಕ್ತ ಹಿಡಿದಿದ್ದೆ. ರಕ್ತನಾಳ ಒಂದು ಕಡೆ ಇಕ್ಕಟ್ಟಾದರೆ ಅಲ್ಲಿ ರಕ್ತ ಹೇಗೆ ಸಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಹರಿಸಿ ನೋಡುವ ಕೆಲಸ. "ಮೈ ಕೊಯ್ಯದನ ಒಳಗ ಏನೈತಿ ಅಂತ ಹೇಳ್ತೀರಂದ್ರ ನೀವು ಮಂತ್ರಗಾರ್ತಿ ಬಿಡ್ರಿ" ಎಂದು ನಮ್ಮ ವಿಭಾಗದ ಮುಖ್ಯಸ್ಥರು ನಗುತ್ತಿದ್ದರು. ನಗಲಿ. ಅದು ೧೯೮೬ನೆಯ ಇಸವಿ, ಹೊಸದಾಗಿ ಬಂದ ಕಂಪ್ಯೂಟರುಗಳ ಮೇಲೆ ಕೈಯಿಡಲು ಅವರಿಗೇ ಎದೆ ನಡುಗುತ್ತಿತ್ತು.

ತಾರಾಬಾಯಿಯವರ ಮಗ ಶಾಂತಿನಾಥ ಖಾನಾಪುರದಲ್ಲಿ ಹಂಚಿನ ವಖಾರಿ ಇಟ್ಟಿದ್ದ. ದೊಡ್ಡ ದೇಹ, ಅದಕ್ಕಿಂತ ದೊಡ್ಡ ಗಾಬರಿ. ಒಂದು ಹಂಚು ಸೋರಿದರೆ ಇಡೀ ಮಾಡು ಬಿಚ್ಚಿ ಹೊದಿಸಬೇಕು ಎನ್ನುವ ಪೈಕಿ. ತಾಯಿಯ ಕಾಲಿನ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಪುಣೆಗೆ ಕರೆದೊಯ್ದು, ನಾಳದೊಳಗೆ ಬಣ್ಣ ಬಿಟ್ಟು ತೆಗೆಯುವ ಎಕ್ಸ್‌ರೇ ಮಾಡಿಸಿಕೊಂಡು ಬಂದ. ತೊಡೆಯ ನಾಳ ಒಂದು ಕಡೆ ಸಣ್ಣಗಾಗಿತ್ತು. ಅಲ್ಲಿಯ ಸರ್ಜನ್ನು ಎರಡು ಮಾತು ಹೇಳಿ ಕಳಿಸಿದ್ದರು. ಕೊಯ್ದು ರಕ್ತಕ್ಕೆ ಬದಲಿ ದಾರಿ ಮಾಡಬಹುದು, ಇಲ್ಲವೇ ಗುಳಿಗೆ ತೆಗೆದುಕೊಂಡು ದಿನಾ ನಡೆದು ನೋಡಬಹುದು, ಯಾವುದೆಂದು ಮನೆಯವರು ಕೂತು ವಿಚಾರ ಮಾಡಿ. ಮನೆಯವರು ಕೂತರು. ಮಗ ಕೊಯ್ಸೋಣ ಎಂದ, ತಾಯಿ ಒಲ್ಲೆ ಎಂದರು.

"ಇನ್ನೊಬ್ರ ರಕ್ತ ನನ್ನ ಮೈಯಾಗ ಏರಸ್ತಾರಂತ. ಅವ್ರು ಏನೇನ ತಿಂದಿರ್ತಾರೋ ಯಾರಿಗೆ ಗೊತ್ತು? ಉಳ್ಳಾಗಡ್ಡಿ ಮುಟ್ಟದನ ಅರವತ್ತ ವರ್ಷ ಕಳದೀನಿ, ಈಗ ಮಂದಿ ರಕ್ತ ಹಾಕಿಸ್ಕೊಂಡು ಬದುಕ್ಲ್ಯಾ?"

"ಅವ್ವಾ, ಕಾಲ ಹೋತಂದ್ರ ಏನ ಮಾಡ್ತಿ?" ಎಂದು ಶಾಂತಿನಾಥ ಅಳುವ ದನಿ ತೆಗೆದ.

ಆಗ ನಾನು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಹೇಳಿಬಿಟ್ಟೆ. "ಇಬ್ರೂ ಯಾಕ ಜಗಳಾಡ್ತೀರಿ? ಅವ್ವಾರ ನಾಳದಾಗ ರಕ್ತ ಹೆಂಗ ಹರೀತೈತಿ ಅಂತ ನನ್ನ ಮಷಿನ್ನಾಗ ಹರಿಸಿ ನೋಡೂಣು."

ತಾರಾಬಾಯಿ ನನ್ನನ್ನೇ ನೋಡಿದರು. "ಮಷಿನ್ನಿಗೆ ಸೊಸಿ ಇಲ್ಲ, ಮಗ ಇಲ್ಲ. ಯಾರ ಮುಲಾಜೂ ಇರಂಗಿಲ್ಲ ಅಲ್ಲೇನ?" ಎಂದರು. "ಆತು. ಅದು ಕೊಯ್ರಿ ಅಂದ್ರ ಕೊಯ್ಸ್ಕೋತೀನಿ, ಬ್ಯಾಡ ಅಂದ್ರ ಇಲ್ಲ. ಇದು ನನ್ನ ಮಾತು." ಅವರ ಮಾತು ಎಂದರೆ ಕಲ್ಲಿನ ಮೇಲಿನ ಗೆರೆ ಎಂಬುದು ಶಾಂತಿನಾಥನಿಗೆ ಗೊತ್ತಿತ್ತು. ಅವನೂ ಒಪ್ಪಿದ.

ಮೆಡಿಕಲ್ ಕಾಲೇಜಿನ ಡಾಕ್ಟರ್ ನಾಗಲಿಂಗ ಈ ಕೆಲಸದಲ್ಲಿ ನನ್ನ ಜೋಡಿ. ಮೈಯ ಸಂಗತಿ ಅವನು ಹೇಳಬೇಕು, ಲೆಕ್ಕದ ಸಂಗತಿ ನಾನು. ಸುದ್ದಿ ಕೇಳಿ ತಲೆ ಚಚ್ಚಿಕೊಂಡ. "ಏ ಕಾಂತಾ, ನಿನ್ನ ಮಷಿನ್ ಜೋಯಿಸ ಅಲ್ಲ. ನಾವು ಕೊಟ್ಟದ್ದನ್ನ ಅದು ಬೇಯಿಸಿ ಕೊಡ್ತೈತಿ, ಅಷ್ಟ. ಅಕ್ಕ್ಯಾಗ ಕಲ್ಲ ಇದ್ರ ಅನ್ನದಾಗೂ ಕಲ್ಲನ." ಹಾಗೆಂದವನು ಬೇಡ ಎನ್ನಲಿಲ್ಲ. ಅವನಿಗೂ ನಿಜವಾದ ಒಂದು ಕಾಲು ಬೇಕಾಗಿತ್ತು.

ಕೆಲಸ ಕೇಳಲು ಸರಳ. ನಾಳವನ್ನು ಸವತೆಕಾಯಿಯಂತೆ ಬಿಲ್ಲೆ ಬಿಲ್ಲೆ ಹೆಚ್ಚಿದೆವೆಂದು ತಿಳಿಯಿರಿ. ಪ್ರತಿ ಬಿಲ್ಲೆಗೂ ಎಷ್ಟು ರಕ್ತ ಬಂತು, ಎಷ್ಟು ಮುಂದೆ ಹೋಯಿತು ಎಂದು ಕೇಳುತ್ತ ಹೋಗುವುದು. ಒಂದು ಎದೆಬಡಿತಕ್ಕೆ ಹಾಗೆ ಸಾವಿರ ಸಲ ಕೇಳಬೇಕು, ಅದಕ್ಕೇ ಕಂಪ್ಯೂಟರು. ಅದಕ್ಕೆ ಮೂರು ಸಂಗತಿ ಗೊತ್ತಿರಬೇಕು: ನಾಳದ ಅಗಲ, ರಕ್ತದ ಒತ್ತಡ, ರಕ್ತದ ಮಂದ. ಅಗಲ ಪುಣೆಯ ಎಕ್ಸ್‌ರೇಯಲ್ಲಿ ಇತ್ತು. ಒತ್ತಡವನ್ನು ನಾಗಲಿಂಗ ತೋಳಿಗೆ ಪಟ್ಟಿ ಸುತ್ತಿ ನೋಡಿದ. ಉಳಿದದ್ದು ಮಂದ. ರಕ್ತ ಎಷ್ಟು ತೆಳ್ಳಗೆ, ಎಷ್ಟು ದಪ್ಪ ಎಂಬುದಕ್ಕೆ ರಕ್ತವೇ ಬೇಕು. "ಈ ವಾರದಾಗ ಯಾವತ್ತರೆ ಬರ್ರಿ ಅವ್ವಾರ" ಎಂದ.

ತಾರಾಬಾಯಿ ಬೆರಳು ಮಡಚಿ ಏನೋ ಲೆಕ್ಕ ಹಾಕಿ ಗುರುವಾರ ಬರುತ್ತೇನೆಂದರು. ಬಂದರು ಕೂಡ. ಮೇ ತಿಂಗಳ ಸುಡು ಮಧ್ಯಾಹ್ನ. ಬಸದಿ ಮುಗಿಸಿ, ಮಡಿಸಿಟ್ಟ ಬಿಳಿ ಸೀರೆ ಉಟ್ಟು, ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದವರಂತೆ ಗಂಭೀರವಾಗಿ ಕೂತು ತೋಳು ಚಾಚಿದರು. ನಾಗಲಿಂಗ ಚಹಾ ತರಿಸಲೇ ಎಂದ. ಬೇಡವೆಂದರು. ಅವರು ಹೊರಗೆ ಏನನ್ನೂ ಮುಟ್ಟುವವರಲ್ಲ ಎಂದು ನಾನೇ ಹೇಳಿದೆ. ತುಟಿ ಒಣಗಿದ್ದವು. "ಎಷ್ಟ್ ಬಿಸಲ ನೋಡ್ರಿ" ಎಂದ ನಾಗಲಿಂಗ. ಆ ಮಾತು ಅಲ್ಲಿಗೇ ಮುಗಿಯಿತು.

ಲೆಕ್ಕ ಮುಗಿಯಲು ಎರಡು ದಿನ ಹಿಡಿಯಿತು. ನಡುವೆ ಕರೆಂಟು ಹೋಗಿ ಮತ್ತೆ ಮೊದಲಿಂದ ಶುರು. ಕೊನೆಗೆ ಪರದೆಯ ಮೇಲೆ ಉತ್ತರ ಬಂತು. ಕೂತಾಗ ಕಾಲಿಗೆ ರಕ್ತ ಸಾಲುತ್ತಿತ್ತು. ನಡೆದರೆ ಬೇಕಾದದ್ದರಲ್ಲಿ ಅರ್ಧವೂ ಹೋಗುತ್ತಿರಲಿಲ್ಲ. ಎಲ್ಲೋ ತಪ್ಪಿದ್ದೇನೆ ಎಂದು ಮತ್ತೆ ಮತ್ತೆ ಮಾಡಿದೆ, ಬಿಲ್ಲೆ ಸಣ್ಣದು ಮಾಡಿದೆ, ಮಷಿನ್ನಿಗೂ ಬೈದೆ. ಉತ್ತರ ಅದೇ. ನಾಗಲಿಂಗ ನೋಡಿ, "ರಕ್ತ ಬಾಳ ದಪ್ಪ ಐತಿ. ಇಷ್ಟು ದಪ್ಪ ರಕ್ತ ಇಟ್ಕೊಂಡು ನಡದು ನೋಡ್ರಿ ಅನ್ನಾಕ ನನಗೂ ಧೈರ್ಯ ಇಲ್ಲ" ಎಂದ.

ಮನೆಗೆ ಹೋಗಿ ಹೇಳಿದೆ. ತಾರಾಬಾಯಿ ಅಕ್ಕಿ ಆರಿಸುತ್ತ ಕೂತಿದ್ದರು. ಮೊರ ಕೆಳಗಿಟ್ಟರು. ನನ್ನ ಮೇಲೆ ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಮಾತಂದ್ರ ಮಾತು. ಶಾಂತೂಗ ಫೋನ್ ಹಚ್ಚಾಕ ಹೇಳ" ಎಂದು ಮತ್ತೆ ಮೊರ ಎತ್ತಿಕೊಂಡರು. ಆದರೆ ಕೈ ಅಕ್ಕಿಯಲ್ಲಿ ಸುಮ್ಮನೆ ಆಡುತ್ತಿತ್ತು, ಒಂದು ಕಲ್ಲನ್ನೂ ಆರಿಸಲಿಲ್ಲ. ನನಗೆ ಅಳು ಬಂತು. ಮಾಳಿಗೆಗೆ ಹೋಗಿ ಅತ್ತೆ.

ಪುಣೆಯಲ್ಲಿ ಕೊಯ್ಯುವ ದಿನ ಗೊತ್ತಾಯಿತು. ಅದಕ್ಕೆ ಮುಂಚೆ ಖಾನಾಪುರದಲ್ಲಿ ಎಲ್ಲರೂ ಕೂಡಿ ಊಟ ಮಾಡೋಣ ಎಂದು ಶಾಂತಿನಾಥನ ಹೆಂಡತಿ ರಾಜಮತಿ ಹೇಳಿ ಕಳಿಸಿದಳು. ಕಾಲೇಜಿಗೆ ರಜೆ ಹಾಕಿ ಬಸ್ಸು ಹಿಡಿದೆ. ದೇಸೂರು ದಾಟಿ ಗಾಳಿ ತಣ್ಣಗಾದರೂ ನನ್ನ ತಲೆ ತಣ್ಣಗಾಗಲಿಲ್ಲ. ಯಾವನಿಗೆ ಬೇಕಿತ್ತು ಈ ಉಸಾಬರಿ ಎಂದು ನನ್ನನ್ನೇ ಬೈದುಕೊಳ್ಳುತ್ತ ಮಲಪ್ರಭೆಯ ಸೇತುವೆಯವರೆಗೂ ಹೋದೆ.

ಬಾಳೆಲೆ ಹಾಸಿದ್ದರು. ಹೆಸರುಬೇಳೆ ತವ್ವೆ, ಹೂರಣಗಡಬು, ಮೇಲೆ ತುಪ್ಪ. ತಾರಾಬಾಯಿ ಬೀಸಣಿಗೆ ಹಿಡಿದು ಎಲೆಯ ಮುಂದೆ ಕೂತು, "ಹಾಕ್ಕೋ ಕಾಂತಾ, ಇನ್ನೊಂದ ಹಾಕ್ಕೋ, ಬಡಕಲಾಗೀದಿ" ಎಂದು ಗಾಳಿ ಹಾಕುತ್ತಿದ್ದರು.

"ನೀವೂ ಕುಂದರ್ರಿ ಅವ್ವಾರ."

"ಅವ್ರು ಹೆಂಗ ಕುಂದರ್ತಾರ್ರೀ?" ಎಂದಳು ರಾಜಮತಿ ತವ್ವೆ ಬಡಿಸುತ್ತ. "ಇವತ್ತ ಚತುರ್ದಶಿ. ಅತ್ತಿಯಾರು ಉಪಾಸ."

"ಹಂಗಾರ ಒಂದ ಬಾಳೆಹಣ್ಣರೆ ತಿನ್ರಿ. ಹಾಲ ಕುಡೀರಿ."

ಗಂಡ ಹೆಂಡತಿ ಇಬ್ಬರೂ ನಕ್ಕರು. ನಮ್ಮ ಮನೆಯಲ್ಲಿ ಉಪವಾಸ ಎಂದರೆ ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಹಾಲು, ಹಣ್ಣು. ದಿನಾ ತಿನ್ನುವುದಕ್ಕಿಂತ ಒಂದು ಮುಷ್ಟಿ ಹೆಚ್ಚೇ. ತಾರಾಬಾಯಿಯವರ ಉಪವಾಸವೂ ಅಂಥದೇ ಇರಬೇಕೆಂದು ನಾನು ತಿಳಿದಿದ್ದೆ. ಕೆಳಗಿನ ಅಡುಗೆಮನೆಯಲ್ಲಿ ಅವರು ಏನು ತಿನ್ನುತ್ತಾರೆ, ಏನು ಬಿಡುತ್ತಾರೆ ಎಂದು ಮಾಳಿಗೆಯವಳು ಯಾಕೆ ಇಣುಕುತ್ತಾಳೆ?

"ನೀರ ಸುದ್ದಾ ಮುಟ್ಟಂಗಿಲ್ರೀ ಅವ್ರು" ಎಂದಳು ರಾಜಮತಿ. "ನಿನ್ನಿ ಮಧ್ಯಾಹ್ನ ಒಂದೊತ್ತು ಉಂಡು ನೀರ ಕುಡದಾರ. ಇನ್ನ ನಾಳಿ ಮುಂಜಾನಿ ಬಸದಿಗೆ ಹೋಗಿ ಬಂದ ಮ್ಯಾಲನ ಪಾರಣಿ. ನಾ ಈ ಮನಿಗೆ ಬಂದಾಗಿಂದ ಒಂದ ಚತುರ್ದಶಿನೂ ತಪ್ಪಿಲ್ಲ."

ನನ್ನ ಕೈಯ ಕಡುಬು ಎಲೆಗೆ ಬಿತ್ತು. "ಅವ್ವಾರ, ರಕ್ತಾ ಕೊಟ್ರಲ್ಲ, ಅವತ್ತ?"

ತಾರಾಬಾಯಿಯವರ ಮುಖ ಅರಳಿತು. "ಅವತ್ತೂ ಚತುರ್ದಶಿನ! ಬೇಕಂತನ ಆ ದಿನಾ ಆರಿಸಿದ್ನೆವಾ. ನ್ಯಾಯಾ ಹೇಳೂ ಮಷಿನ್ನಿಗೆ ಕೊಡೂ ರಕ್ತ, ಶುದ್ಧ ಇರಬೇಕೋ ಬ್ಯಾಡೋ? ತಿಂದು ಕುಡದು ಎಂಜಲಾದ ರಕ್ತ ಕೊಟ್ರ ಅದು ಖರೇ ಹೆಂಗ ಹೇಳೀತು?"

ನಾನು ಎಲೆಯ ಮುಂದಿನಿಂದ ಎದ್ದು ನಿಂತು ಕಿರುಚಿದೆ. ಏನೆಂದು ಕಿರುಚಿದೆನೋ ನನಗೇ ನೆನಪಿಲ್ಲ. ಬಾಜು ಮನೆಯ ಮರಾಠಿ ಮುದುಕಿ "ಕಾಯ್ ಝಾಲಂ ಗ?" ಎನ್ನುತ್ತ, ಏನಾಯಿತೆಂದು ನೋಡಲು ಗೋಡೆಯ ಮೇಲಿಂದ ಇಣುಕಿದಳು. ಶಾಂತಿನಾಥ ತುಪ್ಪದ ಗಿಂಡಿ ಹಿಡಿದವನು ಹಾಗೇ ನಿಂತ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ದಪ್ಪವಾಗುತ್ತದೆ. ಮೇ ತಿಂಗಳ ಬಿಸಿಲಲ್ಲಿ, ಹಿಂದಿನ ದಿನದಿಂದ ಹನಿ ನೀರಿಲ್ಲದ ಮುದುಕಿಯ ರಕ್ತ ತೆಗೆದುಕೊಂಡು ಇದೇ ಅವರ ದಿನನಿತ್ಯದ ರಕ್ತ ಎಂದು ನಾವು ಮಷಿನ್ನಿಗೆ ಉಣಿಸಿದ್ದೆವು. ಶಾಂತಿನಾಥನಿಗೆ ಇದನ್ನು ಹೇಳಿ ತಿಳಿಸುವಷ್ಟರಲ್ಲಿ ನನ್ನ ಗಂಟಲು ಒಣಗಿ, ನಾನೇ ಎರಡು ತಂಬಿಗೆ ನೀರು ಕುಡಿದೆ.

ಪುಣೆಯ ದಿನವನ್ನು ಮುಂದಕ್ಕೆ ಹಾಕಿಸಿದೆವು. ವಾರ ಬಿಟ್ಟು, ಉಂಡು ಕುಡಿದು ಆರಾಮಾಗಿದ್ದ ದಿನ ನಾಗಲಿಂಗ ಮತ್ತೆ ರಕ್ತ ತೆಗೆದ. ಈ ಸಲ ಲೆಕ್ಕ ಮುಗಿದಾಗ ನಾನು ಕಂಪ್ಯೂಟರ್ ಕೋಣೆಯಲ್ಲೇ ಕುಣಿದಾಡಿದೆ. ಇಕ್ಕಟ್ಟು ಇದ್ದೇ ಇತ್ತು, ಆದರೆ ನಿಧಾನ ನಡೆಯುವಷ್ಟು ರಕ್ತ ಅದರೊಳಗಿಂದ ಸಾಗುತ್ತಿತ್ತು. ನಾಗಲಿಂಗ ಪುಣೆಗೆ ಟ್ರಂಕ್ ಕಾಲ್ ಹಚ್ಚಿ ಸರ್ಜನ್ನರ ಜೊತೆ ಬಹಳ ಹೊತ್ತು ಮಾತಾಡಿದ. ಕೊಯ್ಯುವುದು ಬೇಡ, ದಿನಾ ನೋವು ಬರುವವರೆಗೆ ನಡೆಯಲಿ, ನಿಂತು ಮತ್ತೆ ನಡೆಯಲಿ, ಸುತ್ತಲಿನ ಸಣ್ಣ ನಾಳಗಳು ತಾವಾಗಿ ದಾರಿ ಬಿಡುತ್ತವೆ ಎಂದು ಅವರೂ ಒಪ್ಪಿದರು. ಒಂದೇ ಷರತ್ತು.

ಆ ಷರತ್ತನ್ನು ನಾಗಲಿಂಗನೇ ಅನಗೋಳದ ಮನೆಗೆ ಬಂದು ಶಾಂತಿನಾಥನ ಎದುರಿಗೇ ಹೇಳಿದ. "ಅವ್ವಾರ, ನೀರ ಬಿಡಂಗಿಲ್ಲ. ಊಟಾ ಬಿಡ್ರಿ, ನಾ ಏನೂ ಅನ್ನಂಗಿಲ್ಲ. ನೀರ ಮಾತ್ರ ಒಂದ ದಿನಾನೂ ಬಿಡಬಾರ್ದು. ದಪ್ಪ ರಕ್ತ ಆ ಸಂದಿನ್ಯಾಗ ಹೆಪ್ಪುಗಟ್ಟಿದ್ರ ಕಾಲ ಉಳ್ಯಂಗಿಲ್ಲ."

"ಹಂಗಾರ ಕೊಯ್ರಿ" ಎಂದರು ತಾರಾಬಾಯಿ.

ಕೂತಿದ್ದ ಶಾಂತಿನಾಥ ದಡಕ್ಕನೆ ಎದ್ದು ನಿಂತ.

"ಪುಣೇಕ್ಕ ಹೋಗೂಣು. ಮಂದಿ ರಕ್ತಾನೂ ಹಾಕ್ರಿ, ಹಾಳಾಗಿ ಹೋಗ್ಲಿ. ಚತುರ್ದಶಿ ನೀರ ಕುಡಿ ಅಂತ ಮಾತ್ರ ಅನಬ್ಯಾಡ್ರಿ."

ನನಗೆ ಎಲ್ಲಿತ್ತೋ ಸಿಟ್ಟು. "ಏನ್ ಹಠಾರೀ ಇದು! ಕೊಯ್ಸ್ಕೊಳ್ಳೂದಕ್ಕ ಹೆದರಿದವ್ರು ನೀವ. ಈಗ ಒಂದ ವಾಟಿ ನೀರಿನ ಸಲುವಾಗಿ ಕೊಯ್ಸ್ಕೋತೀನಿ ಅಂತೀರಿ!"

ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ಇಂವಾ ಸಣ್ಣಾಂವಿದ್ದಾಗ ವಿಷಮಶೀತ ಜ್ವರಾ ಬಂದಿತ್ತು" ಎಂದು ಶಾಂತಿನಾಥನ ಕಡೆಗೆ ಗದ್ದ ಎತ್ತಿದರು. "ಡಾಕ್ಟರ್ ಕೈ ಬಿಟ್ಟಿದ್ರು. ಬಸದ್ಯಾಗ ನಿಂತು ವ್ರತಾ ತಗೊಂಡೆ. ಇಂವಾ ಕಣ್ಣ ತಗದ್ರ, ನನ್ನ ಕಣ್ಣ ಮುಚ್ಚೂ ತನಕಾ ಚತುರ್ದಶಿ ನೀರ ಮುಟ್ಟಂಗಿಲ್ಲ ಅಂತ. ಇಂವಾ ಕಣ್ಣ ತಗದ. ಈಗ ನಾ ಮಾತ ತಪ್ಪಿ ಇವಗೇನರೆ ಆದ್ರ?"

ಶಾಂತಿನಾಥನಿಗೆ ಇದು ಗೊತ್ತೇ ಇರಲಿಲ್ಲ. ಅಷ್ಟು ದೊಡ್ಡ ದೇಹದ ಮನುಷ್ಯ ಹೋ ಎಂದು ಅತ್ತ. "ಅವ್ವಾ, ಹಂಗಾರ ನಾ ಉಪಾಸ ಮಾಡ್ತೀನಿ, ನಿನ್ನ ಬದ್ಲಿ" ಎಂದ.

"ಒಂದ ಮುಂಜಾನಿ ನಾಷ್ಟಾ ಬಿಡು ನೋಡೂಣು! ಮತ್ತ, ಒಬ್ರ ತಪಸ್ಸು ಇನ್ನೊಬ್ರಿಗೆ ಮುಟ್ಟಂಗಿಲ್ಲೋ ಹುಚ್ಚಪ್ಪ. ಅವ್ರವ್ರ ಕರ್ಮ ಅವ್ರವ್ರಿಗೆ." ಆಮೇಲೆ ನನ್ನ ಕಡೆ ತಿರುಗಿದರು. "ನಿನ್ನ ಮಷಿನ್ನರೆ ಏನು? ಮೊದಲ ಕೊಯ್ರಿ ಅಂತು, ಈಗ ಬ್ಯಾಡ ಅಂತೈತಿ. ಹಿಂಗ ಮಾತ ಹೊಳ್ಳಿಸೂದನ್ನ ನಂಬಿ ನಾ ವ್ರತಾ ಬಿಡ್ಲ್ಯಾ?"

"ಅದು ಮಾತ ಹೊಳ್ಳಿಸಿಲ್ರೀ. ನೀವ ಬಂದು ಕಣ್ಣಾರೆ ನೋಡ್ರಿ."

"ಬರ್ತೀನಿ" ಎಂದರು. "ನೋಡಿದ ಮ್ಯಾಲೆ ಮಾತ್ರ ನನ್ನ ಬೆನ್ನ ಹತ್ತಬ್ಯಾಡ."

ಅವರು ಬಂದ ದಿನವೂ ಚತುರ್ದಶಿಯೇ. ಬೇಕೆಂದೇ ಆರಿಸಿದ್ದರು, ಹಠದ ಮುದುಕಿ. ಶಾಂತಿನಾಥ ಕೈ ಹಿಡಿದು ಕರೆತಂದ. ಕಂಪ್ಯೂಟರ್ ಕೋಣೆಗೆ ಧೂಳು ಬರಬಾರದೆಂದು ಎಲ್ಲರೂ ಚಪ್ಪಲಿ ಹೊರಗೇ ಬಿಡಬೇಕು. ಅದೊಂದು ಅವರಿಗೆ ಮೆಚ್ಚಿಗೆಯಾಯಿತು. "ನಿಮ್ಮ ಸಾಲಿಯವ್ರಿಗೆ ಅಷ್ಟರೆ ಬುದ್ಧಿ ಐತಿ" ಎಂದು ಒಳಗೆ ಬಂದು, ಮಷಿನ್ನಿಗೆ ಕೈಮುಗಿದು, ಕುರ್ಚಿಯ ತುದಿಯಲ್ಲಿ ಕೂತರು.

ಅಂಕಿಗಳನ್ನು ತೋರಿಸಿ ಉಪಯೋಗವಿರಲಿಲ್ಲ. ಹಾಗಾಗಿ ವಾರವೆಲ್ಲ ಕೂತು ಬೇರೊಂದು ಚಿಕ್ಕ ಪ್ರೋಗ್ರಾಂ ಬರೆದಿದ್ದೆ. ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳ ಎರಡು ಕೊಳವೆ, ನಡುವೆ ಇಕ್ಕಟ್ಟು. ಮೇಲಿನದರಲ್ಲಿ ಉಂಡು ಕುಡಿದ ದಿನದ ರಕ್ತ, ಕೆಳಗಿನದರಲ್ಲಿ ಚತುರ್ದಶಿಯ ರಕ್ತ. ಕೀಲಿ ಒತ್ತಿದೆ. ಮೇಲೆ ಹಸಿರು ಚುಕ್ಕಿಗಳು ಸಾಲಾಗಿ ಬಂದು, ಇಕ್ಕಟ್ಟಿನಲ್ಲಿ ಒಂದರ ಹಿಂದೊಂದು ನುಸುಳಿ ಆಚೆ ಹೋದವು. ಕೆಳಗೆ ಚುಕ್ಕಿಗಳು ಬಂದು ಬಂದು ಅದೇ ಜಾಗದಲ್ಲಿ ಗುಂಪುಗಟ್ಟಿದವು. ಬಹಳ ಹೊತ್ತಿಗೆ ಒಂದು ಆಚೆ ದಾಟುತ್ತಿತ್ತು. ಹಿಂದಿನವು ಹಾಗೇ ನಿಂತು ನಡುಗುತ್ತಿದ್ದವು.

"ಇವೇನವಾ?"

"ರಕ್ತದ ಕಣಾ ಅಂತ ತಿಳೀರಿ."

"ಯಾರವು?"

"ನಿಮ್ಮವರೀ."

ಅವರು ಮುಂದೆ ಬಾಗಿದರು. "ಕೆಳಗಿನವು? ಇವತ್ತ, ಈಗ, ಒಳಗ ಹಿಂಗ ಆಗಾಕತ್ತೈತೇನ?"

"ಹೂಂರೀ. ಈಗ ಹಿಂಗನ."

ತಾರಾಬಾಯಿ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. ಕೆಳಗಿನ ಕೊಳವೆಯಲ್ಲಿ ಒಂದು ಚುಕ್ಕಿ ಇಕ್ಕಟ್ಟಿನ ಬಾಯಿಗೆ ಬಂದು, ದಾಟಲಾರದೆ ಹಿಂದೆ ಸರಿದು, ಮತ್ತೆ ಬಂತು. ಅವರು ಬೆರಳು ಚಾಚಿ ಗಾಜಿನ ಮೇಲೆ ಅದನ್ನು ಮೆಲ್ಲಗೆ ಮುಟ್ಟಿದರು.

"ಅಯ್ಯ ನಮ್ಮಪ್ಪಾ... ಎಷ್ಟ್ ಒದ್ದಾಡಾಕತ್ತಾವು ನೋಡೋ ಶಾಂತೂ" ಎಂದರು. "ಇರುವಿ ಕಾಲಾಗ ಬಂದೀತು ಅಂತ ನೆಲಾ ನೋಡಿ ನಡದೀನಿ. ನೀರಾಗಿನ ಹುಳಾ ಸತ್ತೀತು ಅಂತ ಸೋಸದನ ಒಂದ ಹನಿ ಕುಡದಿಲ್ಲ. ನನ್ನ ಮೈಯಾಗಿನ ಈ ಬಡಪಾಯಿಗೋಳ್ನ ಹಿಂಗ ಕಾಡಿಸ್ಕೋತ ಬಂದೀನಲ್ಲೋ, ಇಷ್ಟ್ ವರ್ಷ!"

ಅವು ಜೀವವಲ್ಲ ಅವ್ವಾರ, ಬರೀ ಅಂಕಿ, ನಾನೇ ಬರೆದ ಚುಕ್ಕಿ ಎಂದು ಹೇಳಬೇಕಾದವಳು ನಾನು. ಪಾಠ ಹೇಳುವವಳಲ್ಲವೇ? ಶಾಂತಿನಾಥ ತಾಯಿಯ ಬೆನ್ನ ಹಿಂದಿನಿಂದ ನನಗೆ ಕೈಮುಗಿದು ನಿಂತಿದ್ದ. ನಾನು ಏನೂ ಹೇಳಲಿಲ್ಲ.

"ಪ್ರಾಯಶ್ಚಿತ್ತಾ ಏನೈತಿ ಅಂತ ಮುನಿ ಮಹಾರಾಜರನ್ನ ಕೇಳಿ ತಗೋತೀನಿ" ಎಂದರು ತಮಗೆ ತಾವೇ. ಆಮೇಲೆ ನನ್ನ ಕಡೆ ನೋಡಿದರು. "ಸೋಸಿ ಕಾಸಿದ ನೀರು ಸಿಗ್ತೈತೇನ ಇಲ್ಲೆ?"

ಬರಿಗಾಲಲ್ಲೇ ಓಡಿದೆ. ಕೆಮಿಸ್ಟ್ರಿ ಲ್ಯಾಬಿನ ಸಿದ್ದಪ್ಪನಿಗೆ ಬೈದು ಸ್ಟೌ ಹಚ್ಚಿಸಿದೆ, ಅವನು ತನ್ನ ಚಹಾದ ಪಾತ್ರೆ ಎತ್ತಿದ್ದಕ್ಕೆ ಮತ್ತೆ ಬೈದೆ, ಪ್ರಿನ್ಸಿಪಾಲರ ಮನೆಯಿಂದ ತೊಳೆದ ಪಾತ್ರೆ, ಒಗೆದ ಬಿಳಿ ಅರಿವೆ ತರಿಸಿ ಸೋಸಿ, ಕಾಸಿ, ತುಸು ಆರಿಸಿ, ಬೆಚ್ಚನೆಯ ಲೋಟವನ್ನು ಸೆರಗಿನಲ್ಲಿ ಹಿಡಿದು ತಂದೆ. ಕಂಪ್ಯೂಟರ್ ಕೋಣೆಗೆ ಹನಿ ನೀರೂ ತರಬಾರದೆಂದು ಬಾಗಿಲಿಗೆ ಬೋರ್ಡು ಹಾಕಿದವಳು ನಾನೇ.

ತಾರಾಬಾಯಿ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಂಡರು. ಒಂದು ಗುಟುಕು ಕುಡಿದರು. ಕುಡಿದು, ಕಣ್ಣು ತೆರೆದು, ಕೆಳಗಿನ ಕೊಳವೆಯನ್ನೇ ನೋಡಿದರು. ಚುಕ್ಕಿಗಳು ನಿಂತಲ್ಲೇ ನಡುಗುತ್ತಿದ್ದವು. ಇನ್ನೊಂದು ಗುಟುಕು ಕುಡಿದರು. ಮತ್ತೆ ನೋಡಿದರು.

"ಇನ್ನೂ ಹೋಗವಲ್ಲವು" ಎಂದರು ಸಣ್ಣ ದನಿಯಲ್ಲಿ.

ನಾನು ಕೀಲಿಮಣೆ ಎಳೆದುಕೊಂಡು ಕೆಳಗಿನ ರಕ್ತದ ಮಂದವನ್ನು ಒಂದಿಷ್ಟು ಇಳಿಸಿದೆ. ಅವರು ಗುಟುಕು ತೆಗೆದುಕೊಂಡ ಹಾಗೆಲ್ಲ ಇನ್ನಷ್ಟು ಇಳಿಸಿದೆ. ಇಕ್ಕಟ್ಟಿನ ಬಾಯಿಯಲ್ಲಿ ನಿಂತಿದ್ದ ಚುಕ್ಕಿ ಅಲುಗಿ, ನುಸುಳಿ, ಆಚೆ ದಾಟಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು.

"ಹೊಂಟವು!" ಎಂದು ತಾರಾಬಾಯಿ ಮಗನ ತೋಳು ಹಿಡಿದು ಜಗ್ಗಿದರು. "ಶಾಂತೂ, ಹೊಂಟವು ನೋಡೋ!"

ಲೋಟ ಎತ್ತಿ, ಉಳಿದ ನೀರನ್ನೆಲ್ಲ ಅವರು ಗಟಗಟ ಕುಡಿದುಬಿಟ್ಟರು.